ರಂಗವಸ್ತುಗಳಿಗೆ ಬಣ್ಣ ಮತ್ತು ಹಳಮೆ

ನಾಟಕದ ರಾಜನು ತಲೆಯ ಮೇಲೆ ಧರಿಸಿದ ಕಿರೀಟವು ಬಂಗಾರದ್ದಲ್ಲವೆಂಬುದು ಪ್ರೇಕ್ಷಕರಿಗೆಲ್ಲ ತಿಳಿದ ಸಂಗತಿ. ಆದರೂ ಆಟ ನಡೆಯುವಷ್ಟು ಹೊತ್ತು ಅದು ಬಂಗಾರದ್ದೇ ಎಂದು ನಂಬಲು ಅವರು ಸಿದ್ಧರಾಗಿ ಬಂದಿರುತ್ತಾರೆ. ಆ ನಂಬಿಕೆಗೆ ಭಂಗ ಬಾರದಂತೆ ನೋಡಿಕೊಳ್ಳುವುದು ರಂಗವಸ್ತುಗಳನ್ನು ಸಿದ್ಧಪಡಿಸುವವನ ಕೆಲಸ. ನಮ್ಮ ಸೀಮೆಯ ಬಯಲಾಟದವರು ಹಗುರವಾದ ಕಟ್ಟಿಗೆಯ ಮೇಲೆ ಬೇಗಡೆಯನ್ನೂ ಕನ್ನಡಿಯ ಚೂರುಗಳನ್ನೂ ಅಂಟಿಸಿ ಭುಜಕೀರ್ತಿ, ಎದೆಹಾರಗಳನ್ನು ಮಾಡಿಕೊಂಡರು. ಗುಬ್ಬಿ ಕಂಪನಿಯವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು. ಅಂಥ ವೈಭವ ಎಲ್ಲರಿಗೂ ಸಾಧ್ಯವಿಲ್ಲ. ಕಾಲೇಜಿನ ನಾಟಕಕ್ಕಂತೂ ಬಣ್ಣವೇ ಗತಿ.

ಕಳೆದ ವರ್ಷ ನಮ್ಮ ಕಾಲೇಜಿನ ಸ್ನೇಹ ಸಮ್ಮೇಳನದಲ್ಲಿ ಗಂಡುಗಲಿ ಕುಮಾರರಾಮನನ್ನು ಕುರಿತ ನಾಟಕವನ್ನು ಆಡುವುದೆಂದು ನಿಶ್ಚಯವಾಯಿತು. ಕುಮ್ಮಟದುರ್ಗವು ನಮ್ಮ ಜಿಲ್ಲೆಯದೇ ಕೋಟೆ. 1327ರ ಸುಮಾರಿಗೆ ದಿಲ್ಲಿಯ ಸೈನ್ಯದೆದುರು ಕಾದಿ ಮಡಿದ ಕಂಪಿಲಿಯ ರಾಜಕುಮಾರನು ನಮ್ಮ ಜನಕ್ಕೆ ಇಂದಿಗೂ ಮನೆಯ ಮಗನಿದ್ದಂತೆ. ಆ ನಾಟಕಕ್ಕೆ ಒಂದು ಕತ್ತಿ, ಒಂದು ಗುರಾಣಿ, ಅರಮನೆಯ ದೃಶ್ಯಕ್ಕೆ ಮೊಳದುದ್ದದ ಒಂದು ಕಂಚಿನ ದೀಪದ ಮಲ್ಲಿ, ಇವಿಷ್ಟನ್ನು ಒದಗಿಸುವ ಹೊಣೆ ನನ್ನ ಪಾಲಿಗೆ ಬಂದಿತು. ಆ ಕೆಲಸದಲ್ಲಿ ನಾನು ಕಲಿತದ್ದನ್ನು, ಕೆಡಿಸಿದ್ದನ್ನು, ಕೊನೆಗೆ ಒಂದು ಸಂಕಟಕ್ಕೆ ಸಿಕ್ಕಿ ತಿಳಿದುಕೊಂಡದ್ದನ್ನು ವಿದ್ಯಾರ್ಥಿಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ರೆಸಿನ್ ಎಂಬ ಹೊಸ ಮಣ್ಣು

ನನ್ನ ದೊಡ್ಡಪ್ಪನ ಮಗ ಹುಬ್ಬಳ್ಳಿಯಲ್ಲಿ ತ್ರೀ-ಡಿ ಮುದ್ರಣದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಕತ್ತಿಯ ಹಿಡಿ, ಗುರಾಣಿಯ ನಡುವಿನ ಗುಬ್ಬಿ, ದೀಪದ ಮಲ್ಲಿ ಈ ಮೂರನ್ನೂ ಅವನು ರೆಸಿನ್ನಿನಲ್ಲಿ ಮುದ್ರಿಸಿ ಬಸ್ಸಿಗೆ ಹಾಕಿ ಕಳಿಸಿದನು.

ಈ ಮುದ್ರಣದ ರೀತಿಯನ್ನು ಸ್ವಲ್ಪ ಹೇಳಬೇಕು. ರೆಸಿನ್ ಎಂಬುದು ಬೆಳಕು ತಾಗಿದಲ್ಲಿ ಗಟ್ಟಿಯಾಗುವ ಒಂದು ದ್ರವ. ತೊಟ್ಟಿಯಲ್ಲಿ ಅದನ್ನು ತುಂಬಿ, ಕೆಳಗಿನಿಂದ 405 ನ್ಯಾನೊಮೀಟರ್ ತರಂಗಾಂತರದ ನೇರಳೆ ಬೆಳಕನ್ನು ಬೇಕಾದ ಆಕಾರದಲ್ಲಿ ಬಿಟ್ಟರೆ ಒಂದು ಪದರ ಗಟ್ಟಿಯಾಗುತ್ತದೆ. ಒಂದೊಂದು ಪದರದ ದಪ್ಪ ಸಾಮಾನ್ಯವಾಗಿ 0.05 ಮಿಲಿಮೀಟರ್. ಹೀಗೆ ಪದರದ ಮೇಲೆ ಪದರ ಕೂಡಿ ಆಕೃತಿ ಮೂಡುತ್ತದೆ. ಹೊರಬಂದ ವಸ್ತುವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, ಒಣಗಿಸಿ, ಮತ್ತೊಮ್ಮೆ ಬೆಳಕಿಗೆ ಹಿಡಿದು ಪೂರ್ತಿ ಗಟ್ಟಿಗೊಳಿಸಬೇಕು. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗಿದರೆ ತುರಿಕೆ, ಹುಣ್ಣು ಆಗುವ ಸಂಭವವುಂಟು. ಆದುದರಿಂದ ಕೈಚೀಲವಿಲ್ಲದೆ ಮುಟ್ಟಬಾರದು. ತೊಳೆದ ದ್ರವವನ್ನು ಗಟಾರಕ್ಕೆ ಸುರಿಯಲೂ ಬಾರದು. ಉಜ್ಜಿ ನುಣುಪು ಮಾಡುವಾಗ ನೀರುಕಾಗದದಿಂದ ಒದ್ದೆಯಾಗಿಯೇ ಉಜ್ಜಬೇಕು. ಒಣಗಿದ ಧೂಳು ಶ್ವಾಸಕೋಶಕ್ಕೆ ಹೋಗುವುದು ಒಳ್ಳೆಯದಲ್ಲ.

ಈ ಎಚ್ಚರಿಕೆಗಳಲ್ಲಿ ಒಂದನ್ನು ನಾನು ಹಣ ಕೊಟ್ಟು ಕಲಿತೆ. ಖರ್ಚು ಕಡಿಮೆಯಾಗಲೆಂದು ಮಲ್ಲಿಯ ಮೈಯನ್ನು ಒಳಗೆ ಪೊಳ್ಳಾಗಿ ಮುದ್ರಿಸಲು ಹೇಳಿದ್ದೆ. ಪೊಳ್ಳಿಗೆ ತೂತು ಬಿಟ್ಟರೆ ಅಂದ ಕೆಡುವುದೆಂದು ತೂತು ಬೇಡವೆಂದೂ ನಾನೇ ಹೇಳಿದ್ದೆ. ಒಳಗೆ ಸಿಕ್ಕಿಬಿದ್ದ ಹಸಿ ರೆಸಿನ್ನಿಗೆ ಬೆಳಕು ತಾಗುವ ದಾರಿಯೇ ಇರಲಿಲ್ಲ. ಹತ್ತು ದಿನಗಳಾದ ಮೇಲೆ ಮಲ್ಲಿಯ ಸೊಂಟದಲ್ಲಿ ಕೂದಲೆಳೆಯ ಬಿರುಕು ಕಾಣಿಸಿಕೊಂಡು, ಅಂಟಾದ ಹನಿಗಳು ಬಣ್ಣದ ಮೇಲೆ ಇಳಿದವು. ಪೀಠದ ತಳದಲ್ಲಿ ಎರಡು ತೂತುಗಳನ್ನು ಬಿಟ್ಟು ಒಳಗನ್ನು ತೊಳೆದು ಒಣಗಿಸಿದ ಎರಡನೆಯ ಮಲ್ಲಿಯೇ ಕೊನೆಗೆ ರಂಗವೇರಿದ್ದು.

ಮೊದಲ ಸೋಲು

ಆ ಮೊದಲ ಮಲ್ಲಿಗೂ ಕತ್ತಿಗೂ ನಾನು ಹಚ್ಚಿದ್ದು ಅಂಗಡಿಯಲ್ಲಿ ಸಿಗುವ ಬಂಗಾರದ ಬಣ್ಣ, ಬೆಳ್ಳಿಯ ಬಣ್ಣ. ಮನೆಯ ಪಡಸಾಲೆಯಲ್ಲಿ ಅವು ಬಲು ಚೆಂದ ಕಂಡವು. ಆದರೆ ತಾಲೀಮಿನ ದಿನ ದೀಪಗಳ ಬೆಳಕಿಗೆ ಹಿಡಿದಾಗ ಮಂತ್ರಿಯ ಪಾತ್ರದ ಗೆಳೆಯನು ನಕ್ಕು, “ಇದು ಜಾತ್ರ್ಯಾಗಿನ ಪ್ಲಾಸ್ಟಿಕ್ ಕತ್ತಿ ಆತಲ್ಲೋ” ಎಂದನು. ಅವನ ಮಾತು ಸುಳ್ಳಲ್ಲ. ಎಲ್ಲ ಕಡೆಗೂ ಒಂದೇ ಬಣ್ಣ, ಒಂದೇ ಹೊಳಪು! ಲೋಕದಲ್ಲಿ ಬಾಳಿದ ಯಾವ ವಸ್ತುವೂ ಹಾಗಿರುವುದಿಲ್ಲ.

ಆ ಭಾನುವಾರವೇ ವಸ್ತುಗಳನ್ನು ಚೀಲದಲ್ಲಿಟ್ಟುಕೊಂಡು ಕಿನ್ನಾಳಕ್ಕೆ, ನನ್ನ ಸೋದರಮಾವನ ಮನೆಗೆ ಹೋದೆನು.

ಕಿನ್ನಾಳದ ಪಾಠ

ಕೊಪ್ಪಳದ ಸಮೀಪದ ಕಿನ್ನಾಳವು ಬಣ್ಣದ ಕಟ್ಟಿಗೆಯ ಗೊಂಬೆಗಳಿಗೂ ದೇವರ ಮೂರ್ತಿಗಳಿಗೂ ಹೆಸರಾದ ಊರು. ಚಿತ್ರಗಾರ ಮನೆತನಗಳ ಈ ಕಸುಬನ್ನು ವಿಜಯನಗರದ ಕಾಲದಿಂದ ಬಂದದ್ದೆಂದು ಹೇಳುವರು; ಹಂಪೆಯ ವಿರೂಪಾಕ್ಷ ದೇವಾಲಯದ ಚಿತ್ರಗಳನ್ನು ಬರೆದವರ ಸಂತತಿ ತಾವೆಂಬುದು ಅವರ ಪರಂಪರೆಯ ಮಾತು. ಈ ಗೊಂಬೆಗಳಿಗೆ ಈಗ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ.

ರೆಸಿನ್ನಿಗೂ ಕಿನ್ನಾಳದ ಕಟ್ಟಿಗೆಗೂ ಏನು ಸಂಬಂಧ ಎಂದು ವಾಚಕರು ಕೇಳಬಹುದು. ಸಂಬಂಧವಿರುವುದು ತತ್ತ್ವದಲ್ಲಿ. ಕಿನ್ನಾಳದವರು ಹಗುರವಾದ ಕಟ್ಟಿಗೆಯಲ್ಲಿ ಬಿಡಿಭಾಗಗಳನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಜೋಡಿಸುತ್ತಾರೆ. ಗೋಣಿಯ ನಾರನ್ನು ನೆನೆಸಿ, ಚೂರು ಮಾಡಿ, ಒಣಗಿಸಿ ಪುಡಿಮಾಡಿ, ಕಟ್ಟಿಗೆಯ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಡನೆ ಕಲಸಿದರೆ ಅದು ‘ಕಿಟ್ಟ’. ಅದನ್ನು ಮೂರ್ತಿಯ ಮೈಗೆಲ್ಲ ಕೈಯಿಂದ ಮೆತ್ತಿ, ಮೇಲೆ ಹತ್ತಿಯ ಬಟ್ಟೆಯ ತುಂಡುಗಳನ್ನು ಅಂಟಿಸುತ್ತಾರೆ. ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ. ಆ ಲೇಪದಿಂದಲೇ ಒಡವೆಗಳ ಉಬ್ಬುಗೆಲಸ. ಇಷ್ಟೆಲ್ಲ ಆದ ಮೇಲೆ ಬಣ್ಣ. ಇನ್ನು ‘ಲಾಜವಾರ’ ಎಂಬ ಕ್ರಮವಂತೂ ನನ್ನ ಕಾರ್ಯಕ್ಕೆ ತೀರ ಹತ್ತಿರದ್ದು. ತವರವನ್ನು ಬಡಿದು ತೆಳ್ಳಗೆ ಮಾಡಿ, ಅರೆದು, ಅಂಟಿನೊಡನೆ ಕೂಡಿಸಿ ಹಚ್ಚಿ, ಒಣಗಿದ ಮೇಲೆ ನುಣುಪಾದ ಕಲ್ಲಿನಿಂದ ತಿಕ್ಕಿದರೆ ಬೆಳ್ಳಿಯ ಹೊಳಪು ಬರುತ್ತದೆ. ಅದರ ಮೇಲೆ ಹಳದಿಯ ವಾರ್ನಿಷು ಬಿದ್ದರೆ ಅದೇ ಬಂಗಾರವಾಗಿ ಕಾಣುತ್ತದೆ.

ಇದರಿಂದ ನಾನು ಕಂಡುಕೊಂಡ ಮೊದಲ ಪಾಠವಿದು: ಹೊಳಪು ಡಬ್ಬಿಯಿಂದ ಬರುವುದಿಲ್ಲ, ತಳದಿಂದ ಬರುತ್ತದೆ. ತಳ ಒರಟಾಗಿದ್ದರೆ ಮೇಲಿನ ಬಣ್ಣವೂ ಒರಟೇ. ಒಂದು ದಪ್ಪ ಲೇಪಕ್ಕಿಂತ ನಾಲ್ಕು ತೆಳುವಾದ ಲೇಪಗಳು ಮೇಲು.

ಎರಡನೆಯ ಪಾಠವನ್ನು ಮಾವನೇ ಹೇಳಿದನು. ನಾನು ಮಲ್ಲಿಯ ಮೈತುಂಬ ಹಸಿರು ಕಿಲುಬನ್ನು ಬರೆದಿದ್ದೆ. ಹಳೆಯ ಕಂಚೆಂದರೆ ಹಸಿರಾಗಿರಬೇಕೆಂದು ನನ್ನ ತಿಳಿವಳಿಕೆ. ಮಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದನು:

“ಅಳಿಯಾ, ಈ ದೀಪಾ ದಿನಾ ಹಚ್ಚತಿದ್ರೋ, ಸುಮ್ಮನ ಮೂಲ್ಯಾಗ ಇಟ್ಟಿದ್ರೋ?”

“ಅರಮನಿ ದೀಪಾ, ಮಾವ. ದಿನಾ ಹಚ್ಚತಿದ್ರು.”

“ಹಂಗಾದ್ರ ಹಸರ ಎಲ್ಲಿಂದ ಬಂತು? ದಿನಾ ಎಣ್ಣಿ ಕಂಡ ಕಂಚು ಕರ್ರಗ ಆಗತೈತಿ. ಮೊದಲ ಅದರ ಬಾಳೇವು ಏನಂತ ತಿಳ್ಕೊ. ಆಮ್ಯಾಲ ಬಣ್ಣ ಹಚ್ಚು.”

ನಾನು ಈ ವಿಷಯದಲ್ಲಿ ಕಲಿತ ಎಲ್ಲವೂ ಈ ಒಂದು ಪ್ರಶ್ನೆಯಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಲ್ಲ.

ಹಳಮೆಗೆ ಕಾರಣಗಳು ನಾಲ್ಕು

ಅಂದಿನಿಂದ ಒಂದು ತಿಂಗಳ ಕಾಲ ನಾನು ಬಣ್ಣವನ್ನು ಮುಟ್ಟದೆ ಬರಿದೆ ನೋಡುತ್ತ ತಿರುಗಿದೆನು. ಮನೆಯ ಕುಡುಗೋಲು, ಬಾಗಿಲ ಚಿಲಕ, ಅಜ್ಜಿಯ ತಾಮ್ರದ ಕೊಡ, ಕುಕನೂರಿನ ಬಳಿಯ ಇಟಗಿಯ ಮಹಾದೇವ ದೇವಾಲಯದ ಕಂಬಗಳು ಇವೇ ನನ್ನ ಪಠ್ಯಪುಸ್ತಕಗಳಾದವು. ವಸ್ತುಗಳು ಮುಪ್ಪಾಗಲು ಮುಖ್ಯವಾಗಿ ನಾಲ್ಕು ಕಾರಣಗಳೆಂದು ಕಂಡುಬಂದಿತು.

ಒಂದನೆಯದು ಕೈ. ಜನರು ಮುಟ್ಟಿದಲ್ಲಿ ವಸ್ತು ಸವೆದು ನುಣುಪಾಗುತ್ತದೆ. 1112ರಲ್ಲಿ ಕಟ್ಟಿಸಿದ ಇಟಗಿಯ ಗುಡಿಯಲ್ಲಿ ಕೈಗೆ ಎಟಕುವ ಎತ್ತರದಲ್ಲಿ ಕಲ್ಲು ಎಣ್ಣೆ ಸವರಿದಂತೆ ಮಿರುಗುತ್ತದೆ. ಅದರಿಂದ ಎರಡು ಮೊಳ ಮೇಲೆ ನೋಡಿದರೆ ಅದೇ ಕಲ್ಲು ಮಂಕಾಗಿದೆ. ಕುಡುಗೋಲಿನ ಹಿಡಿ ಹೆಬ್ಬೆರಳು ಕೂಡುವಲ್ಲಿ ಮಾತ್ರ ಸವೆದಿರುತ್ತದೆ.

ಎರಡನೆಯದು ನೀರು. ನೀರು ಕೆಳಗಿಳಿಯುತ್ತದೆ, ಸಂದಿಯಲ್ಲಿ ನಿಲ್ಲುತ್ತದೆ. ಆದುದರಿಂದ ತುಕ್ಕು ಮೊಳೆಯ ತಲೆಯ ಕೆಳಗೆ ಗೆರೆಯಾಗಿ ಇಳಿಯುವುದೇ ಹೊರತು ಮೇಲಕ್ಕೆ ಏರುವುದಿಲ್ಲ. ತಾಮ್ರ, ಕಂಚುಗಳ ಹಸಿರು ಕಿಲುಬು ತೇವ ನಿಂತ ಕುಳಿಗಳಲ್ಲಿ ಮೊದಲು ಹಿಡಿಯುತ್ತದೆ.

ಮೂರನೆಯದು ಬಿಸಿಲು. ಬಿಸಿಲು ಬಣ್ಣಗಳನ್ನು ತಿನ್ನುತ್ತದೆ; ಕಟ್ಟಿಗೆಯನ್ನು ಬೂದಿಯ ಬಣ್ಣಕ್ಕೆ ತರುತ್ತದೆ. ತುಕ್ಕಿನ ಹಳದಿಗೆಂದು ಅಡಿಗೆಮನೆಯ ಅರಿಸಿನವನ್ನು ಬಳಸಿ ನಾನು ಇದನ್ನು ಅರಿತೆನು. ಮಾಳಿಗೆಯ ಮೇಲೆ ಒಂದು ವಾರ ಇಟ್ಟ ಕತ್ತಿಯಿಂದ ಹಳದಿಯೆಲ್ಲ ಮಾಯವಾಗಿತ್ತು. ಕೆಮ್ಮಣ್ಣು, ಕಾವಿಗಳಿಗೆ ಆ ಭಯವಿಲ್ಲ. ಅವು ತಾವೇ ಕಬ್ಬಿಣದ ಆಕ್ಸೈಡುಗಳು, ಎಂದರೆ ತುಕ್ಕಿನ ಬಂಧುಗಳು.

ನಾಲ್ಕನೆಯದು ಧೂಳು. ಧೂಳಿಗೂ ಊರುಂಟು. ನಮ್ಮ ಕುಷ್ಟಗಿಯ ಕಡೆ ಮಸಾರಿ ನೆಲದ ಕೆಂಧೂಳಿ. ಯಲಬುರ್ಗಾದ ಕಡೆ ಎರೆಯ ಕರಿಯ ಧೂಳು. ಕುಮ್ಮಟದುರ್ಗದ ಗುರಾಣಿಗೆ ಯಾವ ಮಣ್ಣು ಹತ್ತೀತು ಎಂದು ಯೋಚಿಸದೆ ಧೂಳು ಹಚ್ಚಿದರೆ ಅದು ಸುಳ್ಳಾಗಿ ಕಾಣುತ್ತದೆ.

ಮಾಡುವ ಬಗೆ

ಇನ್ನು ನಾನು ಪರೀಕ್ಷಿಸಿ ನೋಡಿದ ಕ್ರಮವನ್ನು ಸಂಕ್ಷೇಪವಾಗಿ ತಿಳಿಸುವೆನು. ಎಲ್ಲ ವಸ್ತುಗಳಿಗೂ ಮೊದಲ ಹೆಜ್ಜೆ ಸಮಾನ: ಪದರಗಳ ಗೆರೆ ಕಾಣದಂತೆ ನೀರುಕಾಗದದಿಂದ ಉಜ್ಜುವುದು, ಸಾಬೂನಿನಿಂದ ತೊಳೆದು ಒಣಗಿಸುವುದು, ಮೇಲೆ ಪ್ರೈಮರಿನ ತೆಳುವಾದ ಎರಡು ಲೇಪ ಕೊಡುವುದು. ಪ್ರೈಮರಿಲ್ಲದ ರೆಸಿನ್ನಿನ ಮೇಲೆ ಬಣ್ಣ ನಿಲ್ಲದೆ ಉಗುರಿಗೆ ಎದ್ದು ಬರುತ್ತದೆ.

ಕಬ್ಬಿಣಕ್ಕೆ: ತಳಕ್ಕೆ ಕಪ್ಪು. ಅದು ಚೆನ್ನಾಗಿ ಒಣಗಿದ ಮೇಲೆ ಪೆನ್ಸಿಲಿನ ಸೀಸವನ್ನು ನುಣ್ಣಗೆ ಪುಡಿಮಾಡಿ ಬಟ್ಟೆಯಿಂದ ತಿಕ್ಕಬೇಕು. ಬೆಳ್ಳಿಯ ಬಣ್ಣ ಕೊಡದ ಉಕ್ಕಿನ ಕಾಂತಿಯನ್ನು ಎರಡು ರೂಪಾಯಿಯ ಪೆನ್ಸಿಲು ಕೊಡುತ್ತದೆ! ಕಿನ್ನಾಳದವರು ತವರವನ್ನು ತಿಕ್ಕುವ ತತ್ತ್ವವೇ ಇದು. ತುಕ್ಕಿಗೆ ಕಾವಿ, ಕಂದು, ಸ್ವಲ್ಪ ಕಪ್ಪು, ಈ ಮೂರನ್ನು ಸ್ಪಂಜಿನ ಚೂರಿನಿಂದ ಸಂದಿಗಳಲ್ಲಿ ಒತ್ತಬೇಕು. ಕತ್ತಿಯ ಅಲಗಿನ ಬಾಯಿಗೆ ಮಾತ್ರ ತುಕ್ಕು ಕೂಡದು. ಯೋಧನು ಅದನ್ನು ಮಸೆಯುತ್ತಲೇ ಇರುವನಷ್ಟೆ.

ಕಂಚಿಗೆ: ತಳಕ್ಕೆ ಕರಿಗಂದು. ಮೇಲೆ ಕಂಚಿನ ಬಣ್ಣವನ್ನು ಕುಂಚದಲ್ಲಿ ತೆಗೆದುಕೊಂಡು, ಬಹುಪಾಲನ್ನು ಕಾಗದಕ್ಕೆ ಒರೆಸಿ, ಉಳಿದ ಒಣಬಣ್ಣವನ್ನು ಉಬ್ಬುಗಳ ಮೇಲೆ ಮೆಲ್ಲನೆ ಸವರಬೇಕು. ಕುಳಿಗಳು ತಾವಾಗಿಯೇ ಕಪ್ಪಾಗಿ ಉಳಿಯುತ್ತವೆ. ಮಲ್ಲಿಯ ಕೈಯಲ್ಲಿಯ ಹಣತೆಯ ಸುತ್ತ ದೀಪದ ಕಾಡಿಗೆಯನ್ನೇ ಹಚ್ಚಿದೆನು. ಪೀಠದ ಅಂಚಿಗೆ ಎಣ್ಣೆಯ ಜಿಡ್ಡಿನಂತೆ ಹೊಳೆಯುವ ವಾರ್ನಿಷು. ಎತ್ತಿ ಇಡುವಾಗ ಕೈ ಹಿಡಿಯುವ ಸೊಂಟದಲ್ಲಿ ಹೆಚ್ಚು ಮೆರುಗು. ಹಸಿರನ್ನು ಪಾದದ ಹಿಂಬದಿಯ ಒಂದು ಮೂಲೆಗೆ ಮಾತ್ರ ಉಳಿಸಿದೆನು.

ಕಟ್ಟಿಗೆಗೆ: ಪ್ರೈಮರಿಗೆ ಮೊದಲೇ ತಂತಿಯ ಕುಂಚದಿಂದ ಒಂದೇ ದಿಕ್ಕಿಗೆ ಗೀರಿ, ಬಿಸ್ಕಿಟ್ ಬಣ್ಣದ ತಳದ ಮೇಲೆ ನೀರಾದ ಕಂದನ್ನು ಹರಿಯಬಿಟ್ಟು ಒರೆಸಿದರೆ ಗೀರುಗಳಲ್ಲಿ ಬಣ್ಣ ನಿಂತು ನಾರಿನಂತೆ ಕಾಣುತ್ತದೆ.

ಬಣ್ಣ ಸುಲಿದ ಗುರಾಣಿಗೆ: ಕಬ್ಬಿಣದ ತಳವನ್ನು ಮುಗಿಸಿ, ಸುಲಿಯಬೇಕಾದಲ್ಲಿ ನೀರು ಸವರಿ ಹರಳುಪ್ಪನ್ನು ಉದುರಿಸಬೇಕು. ಅದು ಒಣಗಿದ ಮೇಲೆ ಕೆಂಬಣ್ಣವನ್ನು ಸಿಂಪಡಿಸಿ, ಆರಿದ ನಂತರ ಉಪ್ಪನ್ನು ಉಜ್ಜಿ ತೆಗೆದರೆ, ಕಾಲವೇ ಬಣ್ಣ ಸುಲಿದಂತೆ ಕೆಳಗಿನ ಕಬ್ಬಿಣ ಇಣುಕುತ್ತದೆ.

ಕೊನೆಯಲ್ಲಿ ಮಂಕು ವಾರ್ನಿಷು. ರಂಗದ ದೀಪಗಳು ಬಣ್ಣಗಳ ಭೇದವನ್ನು ನುಂಗಿಬಿಡುವುದರಿಂದ ಎಲ್ಲವನ್ನೂ ಒಂದಿಷ್ಟು ಹೆಚ್ಚಾಗಿಯೇ ಬರೆಯಬೇಕು. ಹತ್ತು ಮೊಳದಾಚೆ ಕುಳಿತವನ ಕಣ್ಣೇ ಇಲ್ಲಿ ಪ್ರಮಾಣ.

ನಾಟಕದ ಮರುದಿನ

ನಾಟಕವು ಚೆನ್ನಾಗಿಯೇ ನಡೆಯಿತು. ಮಂತ್ರಿಯ ಪಾತ್ರದ ಗೆಳೆಯನು ಕತ್ತಿಯನ್ನು ಎರಡೂ ಕೈಯಿಂದ, ಭಾರವಾದುದನ್ನು ಎತ್ತುವಂತೆ ಎತ್ತಿದನು. ನನಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಾಗಿರಲಿಲ್ಲ.

ಆದರೆ ಈ ಲೇಖನವನ್ನು ಬರೆಯುವಂತೆ ಮಾಡಿದ್ದು ಮರುದಿನದ ಸಂಗತಿ. ಪರಊರಿನಿಂದ ಬಂದಿದ್ದ, ಹಳೆಯ ಸಾಮಾನು ಕೊಳ್ಳುವ ಒಬ್ಬ ಗೃಹಸ್ಥರು ಮಲ್ಲಿಯನ್ನು ಕಂಡು, ಯಾವ ಮನೆತನದ್ದೆಂದು ವಿಚಾರಿಸಿದರು. ಕೈಗೆತ್ತಿಕೊಂಡಾಗಲೇ ಅವರಿಗೆ ನಿಜ ತಿಳಿದದ್ದು, ಏಕೆಂದರೆ ಬಣ್ಣಕ್ಕೆ ತೂಕವಿಲ್ಲ. ಅವರು ಬೇಸರಪಡಲಿಲ್ಲ. ಒಳಗೆ ಸೀಸದ ಗುಂಡು ತುಂಬಿ, ಇಂಥವೇ ಐದನ್ನು ಮಾಡಿಕೊಟ್ಟರೆ ಒಂದೊಂದಕ್ಕೆ ನಾಲ್ಕು ಸಾವಿರ ಕೊಡುವೆನೆಂದೂ, ಅವುಗಳ ಮೇಲೆ ಎಲ್ಲಿಯೂ ಏನನ್ನೂ ಬರೆಯಕೂಡದೆಂದೂ ಹೇಳಿ ಹೋದರು. ಆ ವರ್ಷ ಮಳೆ ಕೈಕೊಟ್ಟು ನಮ್ಮ ಹೊಲದಲ್ಲಿ ಸಜ್ಜೆ ಮೇಲೇಳಲಿಲ್ಲ. ತಂಗಿಯ ಕಾಲೇಜು ಪ್ರವೇಶವೂ ಎದುರಿಗಿತ್ತು. ಇಪ್ಪತ್ತು ಸಾವಿರ ರೂಪಾಯಿ ನನಗೆ ಸಣ್ಣ ಮೊತ್ತವಾಗಿರಲಿಲ್ಲ. ಮಾಡುವುದೆಂದೇ ಮನಸ್ಸಿನಲ್ಲಿ ನಿಶ್ಚಯಿಸಿ, ತೂಕ ತುಂಬುವ ಉಪಾಯ ಕೇಳಲು ಪುನಃ ಕಿನ್ನಾಳಕ್ಕೆ ಹೋದೆನು.

ಮಾವ ಎಲ್ಲವನ್ನೂ ಕೇಳಿದನು. ಮಲ್ಲಿಯನ್ನು ತಿರುಗಿಸಿ ನೋಡಿ, “ಕೆಲಸಾ ಛಲೋ ಆಗೈತಿ” ಎಂದನು. ನನಗೆ ಹಿಗ್ಗಾಯಿತು. ಬಳಿಕ ಅದನ್ನು ಕೆಳಗಿಟ್ಟು, “ನಾನೂ ತವರಕ್ಕ ಬಂಗಾರದ ಬಣ್ಣ ಕೊಟ್ಕೋತ ಬಂದೀನಿ, ಐವತ್ತು ವರ್ಷಾತು. ಬಂಗಾರ ಅಂತ ಯಾರಿಗೂ ಮಾರಿಲ್ಲ. ನಿನ್ನ ಬಣ್ಣ ಸುಳ್ಳ ಹೇಳಲಿ, ಅದರ ಕಸುಬ ಅದು. ನೀ ಹೇಳಬ್ಯಾಡ” ಎಂದು ತನ್ನ ಕೆಲಸಕ್ಕೆ ತೊಡಗಿದನು. ತೂಕದ ಉಪಾಯವನ್ನು ನಾನು ಕೇಳಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ನನಗೆ ನನ್ನ ಪಾಠದ ಪುಸ್ತಕಗಳು ನೆನಪಾದವು. ನಾನು ಇತಿಹಾಸದ ವಿದ್ಯಾರ್ಥಿ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಬಂಡೆಗಳು ಅಶೋಕನ ಮಾತನ್ನು ಹೇಳುತ್ತವೆಂದು ನಾವು ಒಪ್ಪುವುದು ಆ ಬಂಡೆಗಳು ಸುಳ್ಳು ಹೇಳುವುದಿಲ್ಲವೆಂಬ ಭರವಸೆಯಿಂದ. ಹಾಳೂರಿನ ಒಂದು ಮಡಕೆಯ ಚೂರು, ತುಕ್ಕು ಹಿಡಿದ ಒಂದು ಬಾಣದ ಮೊನೆ ಇಂಥವುಗಳ ಸಾಕ್ಷ್ಯದ ಮೇಲೆ ನಮ್ಮ ನಾಡಿನ ಕಥೆ ನಿಂತಿದೆ. ಆ ಸಾಕ್ಷಿಗಳ ಸಾಲಿನಲ್ಲಿ ನನ್ನ ಐದು ಮಲ್ಲಿಯರು ನಿಂತರೆ, ಮುಂದೆ ಯಾವನೋ ಒಬ್ಬ ವಿದ್ಯಾರ್ಥಿ ಅವರನ್ನು ನಂಬಿ ಕೆಡುತ್ತಾನೆ. ಕಾನೂನಿನ ಮಾತೂ ಇದೆ. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮದ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಇಂಥ ಕಲಾವಸ್ತುಗಳು ಪುರಾತನ ವಸ್ತುಗಳೆನಿಸುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಿಗೆ ಬೇಕು, ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಹೊಸದನ್ನು ಹಳೆಯದೆಂದು ಹೇಳಿ ಮಾರುವುದಂತೂ ನೇರವಾದ ವಂಚನೆ.

ಆ ಗೃಹಸ್ಥರಿಗೆ ಆಗದೆಂದು ತಿಳಿಸಿದೆನು. ತಂಗಿಯ ಪ್ರವೇಶಕ್ಕೆ ದೊಡ್ಡಪ್ಪನ ಮಗನಿಂದ ಕೈಗಡ ತಂದೆನು. ಅದನ್ನು ಇನ್ನೂ ತೀರಿಸುತ್ತಿದ್ದೇನೆ. ಮಲ್ಲಿಯ ಪೀಠದ ತಳದಲ್ಲಿ, ಆ ಎರಡು ತೂತುಗಳ ನಡುವೆ, ಮೊಳೆಯಿಂದ ಕೆತ್ತಿ ‘ರೆಸಿನ್, ಕುಷ್ಟಗಿ’ ಎಂದೂ ಅದರ ಕೆಳಗೆ ಇಸವಿಯನ್ನೂ ಬರೆದೆನು. ‘ಕಿನ್ನಾಳ’ ಎಂದು ಬರೆಯಲಿಲ್ಲ. ಕಟ್ಟಿಗೆ, ಕಿಟ್ಟ, ಬೆಣಚುಕಲ್ಲುಗಳಿಂದ ದಿನಗಟ್ಟಲೆ ದುಡಿದವರ ಹೆಸರದು. ಯಂತ್ರವು ರಾತ್ರಿ ಬೆಳಗಾಗುವುದರೊಳಗೆ ಮುದ್ರಿಸಿದ ವಸ್ತುವಿಗೆ ಅದು ಸಲ್ಲದು.

ಆದುದರಿಂದ ಈ ಕಲೆಯನ್ನು ಕಲಿಯಬೇಕೆನ್ನುವ ಗೆಳೆಯರಿಗೆ ನನ್ನ ಸೂಚನೆಗಳು ಮೂರೇ. ತಳವನ್ನು ನುಣುಪು ಮಾಡಿರಿ. ವಸ್ತುವಿನ ಬಾಳನ್ನು ಮೊದಲು ತಿಳಿದು ಬಳಿಕ ಬಣ್ಣ ಹಚ್ಚಿರಿ. ಎಲ್ಲ ಮುಗಿದ ಮೇಲೆ ತಿರುಗಿಸಿ, ಅಡಿಯಲ್ಲಿ ಇಸವಿಯನ್ನು ಬರೆಯಿರಿ. ನಮ್ಮ ಮಲ್ಲಿಯು ಈಗ ಕಾಲೇಜಿನ ನಾಟಕದ ಪೆಟ್ಟಿಗೆಯಲ್ಲಿ ಇದ್ದಾಳೆ. ಯಾರು ಬೇಕಾದರೂ ಎತ್ತಿ, ತಳವನ್ನು ಓದಿ ನೋಡಬಹುದು.